ತಂಡದ ಹುಡುಗರು ಮನೆಗೆ ಬಾರದ ರಾತ್ರಿ, ಆಮೇಲಿನ ತಿಂಗಳುಗಳು

ಹೊನಲು ಬೆಳಕಿನ ಕಬಡ್ಡಿಯ ಫೈನಲ್ ಮುಗಿಯುವಾಗ ಬೆಳಗಿನ ಜಾವ ಮೂರು ದಾಟಿರುತ್ತದೆ. ಬಹುಮಾನ, ಫೋಟೊ, ಊಟ, ಆಮೇಲೆ ಯಾರದೋ ಕಾರು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕಾಲೇಜು ಹುಡುಗರು ಆಡಲು ಹೋಗುವುದೂ ಹಿಂತಿರುಗುವುದೂ ಹೀಗೆಯೇ. ಆ ಕಾರು ಮನೆ ತಲುಪದ ರಾತ್ರಿಗಳಲ್ಲಿ ಆಸ್ಪತ್ರೆ, ಠಾಣೆ, ಶವಾಗಾರ, ಮನೆಯಂಗಳ, ಕಡೆಗೆ ಆಟದ ಅಂಗಳ ಇಷ್ಟರ ನಡುವೆ ಓಡಾಡಿದ ದೈಹಿಕ ಶಿಕ್ಷಣದ ಮಾಷ್ಟ್ರುಗಳು, ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್‌ನವರು, ಊರಿನ ಕ್ಲಬ್ಬಿನವರು ಕೂಡಿ ಇದನ್ನು ಬರೆಯುತ್ತಿದ್ದೇವೆ. ಮಗನನ್ನು ಕಳೆದುಕೊಂಡವರಿಗೆ ಸಮಾಧಾನ ಹೇಳುವ ಮಾತು ನಮ್ಮ ಹತ್ತಿರ ಇಲ್ಲ. ಕೆಲಸಗಳು ಹೊತ್ತಿಗೆ ಸರಿಯಾಗಿ, ಗೊತ್ತಿದ್ದವರ ಕೈಯಿಂದ ಆದರೆ ಆ ಮನೆಯವರಿಗೆ ಅಳುವುದಕ್ಕಾದರೂ ಬಿಡುವು ಸಿಗುತ್ತದೆ. ಅಷ್ಟನ್ನು ಮಾಡಿಕೊಡಬಹುದು, ಮಾಡಲೇಬೇಕು.

ಮೊದಲ ಫೋನು ಬರುವುದು ಹಿಂದಿನ ಕಾರಿನಲ್ಲಿದ್ದ ಹುಡುಗನಿಂದ, ಇಲ್ಲವೇ ರಸ್ತೆಯಲ್ಲಿ ಬಿದ್ದ ಮೊಬೈಲಿನಿಂದ ಕೊನೆಯ ನಂಬರಿಗೆ ಒತ್ತಿದ ದಾರಿಹೋಕರಿಂದ. ಆಗ ಕೇಳಬೇಕಾದ್ದು ಯಾವ ಜಾಗ, ಕಾರಿನಲ್ಲಿ ಎಷ್ಟು ಜನ, ಯಾವ ಆಸ್ಪತ್ರೆಗೆ ಎತ್ತಿಕೊಂಡು ಹೋದರು ಎಂಬಿಷ್ಟನ್ನೇ. ಯಾರು ತೀರಿಹೋದರು ಎಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ ಬರುವ ಉತ್ತರವನ್ನು ನಂಬಬಾರದು. ಕಾರಿನಲ್ಲಿದ್ದವರೆಲ್ಲ ಒಂದೇ ಬಣ್ಣದ ಜೆರ್ಸಿಯಲ್ಲಿರುತ್ತಾರೆ. ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಮೈಕಟ್ಟು, ಒಂದೇ ಸಲೂನಿನ ಕಟಿಂಗ್. ಬೆನ್ನ ಮೇಲಿನ ನಂಬರು ನೋಡಿ ಹೆಸರು ಹೇಳಿಬಿಡುವವರಿರುತ್ತಾರೆ. ಆದರೆ ಪಂದ್ಯ ಮುಗಿದ ಮೇಲೆ ಬೆವರಿನ ಜೆರ್ಸಿ ಕಳಚಿ ಇನ್ನೊಬ್ಬನ ಒಣ ಜೆರ್ಸಿ ಹಾಕಿಕೊಳ್ಳುವುದು ನಮ್ಮ ಹುಡುಗರಲ್ಲಿ ಮಾಮೂಲು. ಕೆನಡಾದಲ್ಲಿ 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಎಂಬ ಐಸ್ ಹಾಕಿ ತಂಡದ ಬಸ್ಸು ಲಾರಿಗೆ ಬಡಿದು 16 ಜನ ತೀರಿಹೋದರು. ಪ್ಲೇಆಫ್ ಪಂದ್ಯಗಳಿಗಾಗಿ ಹುಡುಗರು ಕೂದಲಿಗೆ ಹೊಂಬಣ್ಣ ಹಾಕಿಸಿಕೊಂಡಿದ್ದರು. ಗುರುತು ಅದಲುಬದಲಾಗಿ, ತೀರಿಹೋದವನ ಮನೆಯವರಿಗೆ ಮಗ ಬದುಕಿದ್ದಾನೆಂದೂ, ಬದುಕಿದ್ದವನ ಮನೆಯವರಿಗೆ ಮಗ ಇಲ್ಲವೆಂದೂ ತಿಳಿಸಿದ್ದರು. ಎರಡು ಮನೆಗಳನ್ನು ಹಾಗೆ ಸುಡುವ ತಪ್ಪು ಯಾವ ಊರಲ್ಲೂ ಆಗಬಹುದು.

ಅದಕ್ಕೇ ತಂಡದ ಗುರುತು ಬಲ್ಲ ಒಬ್ಬರು, ಅಂದರೆ ಕೋಚ್ ಅಥವಾ ಪಿ.ಟಿ. ಮಾಷ್ಟ್ರು, ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಕೈಯಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ತುಂಬಿಸಿದ ಅರ್ಹತಾ ಪತ್ರಗಳ ಪ್ರತಿ ಇರಲಿ. ಅದರಲ್ಲಿ ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು ಎಲ್ಲ ಸಿಗುತ್ತದೆ. ಮುಖ ನೋಡಿ ಹೇಳಲಾಗದಿದ್ದರೆ ಕಬಡ್ಡಿಯವರ ಮೈ ತಾನೇ ಹೇಳುತ್ತದೆ: ಹುಬ್ಬಿನ ಮೇಲಿನ ಹಳೆಯ ಹೊಲಿಗೆ, ಮೊಣಕಾಲಿನ ಆಪರೇಶನ್ ಗಾಯ, ಉಳುಕಿ ಸೊಟ್ಟಗಾದ ಕಿರುಬೆರಳು. ಇವನ್ನು ನೋಡಿ ಗುರುತಿಸಿದ ಮೇಲೂ ಮನೆಯ ಒಬ್ಬರು ಬಂದು ಖಚಿತಪಡಿಸುವ ತನಕ ಹೆಸರು ಹೊರಗೆ ಹೋಗಬಾರದು.

ಮನೆಗೆ ತಿಳಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಅದನ್ನು ಫೋನಿನಲ್ಲಿ ಮಾಡಬಾರದು. ವಾಟ್ಸಪ್ಪಿನಲ್ಲಿ ಕಾರಿನ ಫೋಟೊ ಹರಿದಾಡಲು ಅರ್ಧ ಗಂಟೆ ಸಾಕು, ಆದ್ದರಿಂದ ಅದರ ಮೊದಲೇ ಇಬ್ಬರು ಮನೆಗೆ ಹೋಗಬೇಕು: ವಾರ್ಡ್ ಮೆಂಬರ್ ಅಥವಾ ಮನೆಯವರು ಗೌರವಿಸುವ ಹಿರಿಯರು ಒಬ್ಬರು, ಕಾಲೇಜಿನವರು ಒಬ್ಬರು. ಹೋಗುವ ದಾರಿಯಲ್ಲಿ ನೆರೆಮನೆಯ ಒಬ್ಬ ಅಕ್ಕನನ್ನು ಕರೆದುಕೊಳ್ಳಿ, ತಾಯಿಯ ಪಕ್ಕ ನಿಲ್ಲಲು. ನಮ್ಮಲ್ಲಿ "ಸ್ವಲ್ಪ ಸೀರಿಯಸ್ ಇದೆ, ನೀವು ಹೊರಡಿ" ಎಂದು ಹೇಳಿ ಕರೆದುಕೊಂಡು ಹೋಗುವ ರೂಢಿಯಿದೆ. ತಂದೆ ಬೈಕಿನಲ್ಲಿದ್ದಾರೆ, ಒಬ್ಬರೇ ಇದ್ದಾರೆ ಎಂದಾದರೆ ಪಕ್ಕದಲ್ಲಿ ಜನ ಆಗುವ ತನಕ ತಡೆದು ಹೇಳುವುದು ಸರಿ. ಎದುರಿಗೆ ಕೂತ ಮೇಲೆ ಸುಳ್ಳು ಹೇಳಬಾರದು. ಆಸ್ಪತ್ರೆಯ ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊತ್ತುಕೊಂಡು ಬಂದ ತಾಯಿ ಶವಾಗಾರದ ಬಾಗಿಲಲ್ಲಿ ಸತ್ಯ ತಿಳಿಯುವುದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ. "ಅಣ್ಣ, ಕೂತುಕೊಳ್ಳಿ. ಹುಡುಗರ ಕಾರಿಗೆ ಆಕ್ಸಿಡೆಂಟ್ ಆಗಿದೆ. ನಿಮ್ಮ ಮಗ ತೀರಿಹೋಗಿದ್ದಾನೆ. ನಾವು ನೋಡಿ ಬಂದಿದ್ದೇವೆ." ಇಷ್ಟೇ ಸಾಕು. ಹೇಗಾಯಿತು, ಯಾರ ತಪ್ಪು ಎಂಬುದೆಲ್ಲ ಅವರಾಗಿ ಕೇಳಿದರೆ ಮಾತ್ರ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದೇ ಹೇಳಿ.

ಗಡಿಯ ನಮಗೆ ಇಲ್ಲಿಂದ ಎರಡು ರಾಜ್ಯಗಳ ಕೆಲಸ ಶುರುವಾಗುತ್ತದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ತಲೆಗೆ ಪೆಟ್ಟು ಬಿದ್ದವರನ್ನು ನಮ್ಮವರು ತಲಪಾಡಿಯ ಗಡಿ ದಾಟಿಸಿ ಮಂಗಳೂರಿಗೆ ಒಯ್ಯುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಹೊತ್ತಿಗೆ ಆ ಗಡಿ ಮುಚ್ಚಿದಾಗ ರೋಗಿಗಳು ಆಸ್ಪತ್ರೆ ತಲುಪಲಾಗದೆ ಪಟ್ಟ ಪಾಡನ್ನು ಇಲ್ಲಿ ಯಾರೂ ಮರೆತಿಲ್ಲ. ಹುಡುಗ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಹೋದರೆ ಎಫ್‌ಐಆರ್ ಇರುವುದು ಕೇರಳದ ಠಾಣೆಯಲ್ಲಿ, ದೇಹ ಇರುವುದು ಕರ್ನಾಟಕದಲ್ಲಿ. ಆಸ್ಪತ್ರೆಯಿಂದ ಅಲ್ಲಿನ ಠಾಣೆಗೆ ಮಾಹಿತಿ ಹೋಗುತ್ತದೆ, ಅವರು ಇಲ್ಲಿನ ಠಾಣೆಗೆ ಹೇಳುತ್ತಾರೆ. ಶವ ಮಹಜರನ್ನು ಅಲ್ಲಿನವರೇ ಮಾಡುತ್ತಾರೋ, ಇಲ್ಲಿಂದ ಪೊಲೀಸರು ಹೋಗಬೇಕೋ ಎಂಬುದನ್ನು ಒಬ್ಬರು ಎರಡೂ ಠಾಣೆಗೆ ಫೋನು ಮಾಡಿ ಮೊದಲು ಗೊತ್ತುಮಾಡಿಕೊಳ್ಳಬೇಕು. ಇದನ್ನು ಯಾರೂ ಕೇಳದೆ ಎಲ್ಲರೂ ಶವಾಗಾರದ ಎದುರು ಕಾಯುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಮರಣ ನೋಂದಣಿಯೂ ಹಾಗೆಯೇ: ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ. ಮಂಗಳೂರಿನಲ್ಲಾದರೆ ಮಂಗಳೂರಿನಲ್ಲೇ ಆಗಬೇಕು, ನಮ್ಮ ಪಂಚಾಯತಿನಲ್ಲಿ ಆಗದು. ಅವಧಿ 21 ದಿನ. ಒಂದೇ ಕಾರಿನ ಇಬ್ಬರಲ್ಲಿ ಒಬ್ಬನ ಸರ್ಟಿಫಿಕೇಟು ಕನ್ನಡದಲ್ಲಿ, ಇನ್ನೊಬ್ಬನದು ಮಲಯಾಳದಲ್ಲಿ ಬರುವುದನ್ನು ಕಂಡಿದ್ದೇವೆ.

ಹೆಸರಿನ ಅಕ್ಷರ ಇಲ್ಲೇ ಸರಿಯಾಗಬೇಕು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಮಹಜರಿನಲ್ಲಿ ಮಲಯಾಳದ ಉಚ್ಚಾರದಂತೆ ಮತ್ತೊಂದು. ತಂದೆಯ ಹೆಸರಿನ ಮುಂದಿನ ಇನಿಷಿಯಲ್ಲು ಮನೆಹೆಸರಾಗಿ, ಮನೆಹೆಸರು ಇನಿಷಿಯಲ್ಲಾಗಿ ಬದಲಾಗುತ್ತದೆ. ಆಮೇಲೆ ವಿಮೆಯವರು ಇದನ್ನೇ ಹಿಡಿದು ಕಡತ ವಾಪಸು ಕಳಿಸುತ್ತಾರೆ. ಆದ್ದರಿಂದ ಮಹಜರಿಗೆ ಸಾಕ್ಷಿ ಹಾಕುವವರಲ್ಲಿ ಮಲಯಾಳ ಓದಬಲ್ಲ ಒಬ್ಬರಿರಬೇಕು, ಆಧಾರ್ ಪ್ರತಿಯನ್ನು ಎದುರಿಗಿಟ್ಟೇ ಬರೆಸಬೇಕು. ಓದಲು ಬಾರದ ತಂದೆ ಸಹಿ ಹಾಕುವ ಮೊದಲು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ ಎಂದು ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಮಗ ಸತ್ತ ದಿನ ಹಕ್ಕಿನ ಮಾತು ಎತ್ತಲು ತಂದೆಯಿಂದ ಆಗದು. ಅದು ಜೊತೆಗಿದ್ದವರ ಕೆಲಸ.

ಮಹಜರು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಪ್ರಕಾರ ನಡೆಯುತ್ತದೆ, ಹಿಂದಿನ ಸಿಆರ್‌ಪಿಸಿಯಲ್ಲಿ 174 ಅಂತಿದ್ದದ್ದೇ. ಸೂರ್ಯಾಸ್ತದ ಮೇಲೆ ಮರಣೋತ್ತರ ಪರೀಕ್ಷೆ ಇಲ್ಲ ಎಂಬ ಹಳೆಯ ನಿಯಮವನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸಡಿಲಿಸಿದೆ. ಬೆಳಕು, ಉಪಕರಣ, ಸಿಬ್ಬಂದಿ ಇರುವಲ್ಲಿ ಅಪಘಾತದ ಪ್ರಕರಣಗಳಲ್ಲಿ ರಾತ್ರಿಯೂ ಮಾಡಬಹುದು. ಆಗುತ್ತದೆಯೇ ಎಂದು ಕೇಳಿ ನೋಡಿ. ಇಲ್ಲವೆಂದರೆ ಬೆಳಗಾಗುವ ತನಕ ಮನೆಯವರನ್ನು ಶವಾಗಾರದ ಎದುರಿನ ಕಲ್ಲುಬೆಂಚಿನಲ್ಲಿ ಕೂರಿಸಬೇಡಿ, ಮನೆಗೆ ಕಳಿಸಿ. ಇಬ್ಬರು ಅಲ್ಲಿದ್ದರೆ ಸಾಕು.

ಇಲ್ಲಿನ ಮನೆಗಳಲ್ಲಿ ತಂದೆಯೋ ಅಣ್ಣನೋ ಗಲ್ಫ್‌ನಲ್ಲಿರುವುದು ಹೆಚ್ಚು. ಅವರ ವಿಮಾನ ಮಂಗಳೂರಿಗೋ ಕಣ್ಣೂರಿಗೋ ಯಾವಾಗ ಇಳಿಯುತ್ತದೆ ಎಂಬುದರ ಮೇಲೆ ಉಳಿದೆಲ್ಲ ನಿಲ್ಲುತ್ತದೆ. ಮುಸ್ಲಿಮರ ಮನೆಯಲ್ಲಿ ಮಯ್ಯತ್ತನ್ನು, ಅಂದರೆ ದೇಹವನ್ನು, ತಡಮಾಡದೆ ದಫನ ಮಾಡಬೇಕೆಂಬುದೂ, ತಂದೆ ಒಮ್ಮೆ ಮುಖ ನೋಡಲಿ ಎಂಬುದೂ ಒಟ್ಟಿಗೆ ಎಳೆದಾಡುತ್ತವೆ. ಆ ತೀರ್ಮಾನ ಮನೆಯವರದು ಮತ್ತು ಜಮಾಅತಿನವರದು, ಕಾಲೇಜಿನವರು ಬಾಯಿ ಹಾಕಬಾರದು. ಕಾಯುವುದಾದರೆ ಶವಾಗಾರದಲ್ಲೇ ಇಡುವುದು ಒಳ್ಳೆಯದು. ಮನೆಗೆ ತಂದು ಫ್ರೀಜರ್ ಪೆಟ್ಟಿಗೆಯಲ್ಲಿ ಇಡುವುದಾದರೆ ಪೆಟ್ಟಿಗೆಯನ್ನು ದೇಹ ಬರುವ ಒಂದು ಗಂಟೆ ಮೊದಲೇ ಚಾಲೂ ಮಾಡಿ ತಣ್ಣಗಾಗಿಸಬೇಕು. ನೆಲ ಸಮತಟ್ಟಾಗಿರಬೇಕು, ನೀರು ಇಳಿಯುವ ಪೈಪಿನ ಕೆಳಗೆ ಬಾಲ್ದಿ ಇಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವುದು ಖಚಿತವೆಂದೇ ಲೆಕ್ಕ ಹಾಕಿ ಜನರೇಟರ್ ತರಿಸಬೇಕು. ಮನೆಯ ಇನ್‌ವರ್ಟರಿಗೆ ಆ ಕಂಪ್ರೆಸರಿನ ಭಾರ ತಡೆಯದು. ಬಂದವರಿಗೆಲ್ಲ ಮುಚ್ಚಳ ಎತ್ತಿ ತೋರಿಸುತ್ತ ಹೋದರೆ ಒಳಗಿನ ತಂಪು ನಿಲ್ಲುವುದಿಲ್ಲ, ಗಾಜಿಗೆ ಮಂಜು ಹಿಡಿಯುತ್ತದೆ. ಗಾಜನ್ನು ಹೊರಗಿನಿಂದ ಒಣ ಬಟ್ಟೆಯಲ್ಲಿ ಒರೆಸಲು ಒಬ್ಬನನ್ನು ನಿಲ್ಲಿಸಿ.

ಕಾಲೇಜಿನಲ್ಲಿ ಅಂತಿಮ ದರ್ಶನಕ್ಕೆ ಇಡಬೇಕು ಎಂಬ ಒತ್ತಾಯ ಹುಡುಗರಿಂದ ಬಂದೇ ಬರುತ್ತದೆ. ನಮ್ಮ ಅಭಿಪ್ರಾಯ ಗಟ್ಟಿ: ಮನೆಯವರು ಒಪ್ಪಿದರೆ ಮಾತ್ರ, ಅರ್ಧ ಗಂಟೆ ಮಾತ್ರ. ಮಗನ ಜೊತೆ ತಾಯಿಗೆ ಉಳಿದಿರುವುದು ಕೆಲವೇ ಗಂಟೆ. ಅದರಲ್ಲಿ ಎರಡನ್ನು ನಾವು ಕಾಲೇಜಿನಲ್ಲಿ, ಕ್ಲಬ್ಬಿನಲ್ಲಿ, ಪೇಟೆಯಲ್ಲಿ ಖರ್ಚು ಮಾಡುವುದು ನ್ಯಾಯವಲ್ಲ. ಮುಖಕ್ಕೆ ಪೆಟ್ಟಾಗಿದ್ದರೆ ತೆರೆದು ಇಡಲೇಬಾರದು. ಶವಾಗಾರದ ಸಿಬ್ಬಂದಿ ಬಟ್ಟೆ ಸುತ್ತಿ ತೋರಿಸಬಹುದಾದಷ್ಟನ್ನು ಹೇಳುತ್ತಾರೆ, ಅವರ ಮಾತು ಕೇಳಿ. ಬದಲಿಗೆ ಫೋಟೊ ಸಾಕು. ಸಾಲು ಒಂದೇ ದಿಕ್ಕಿನಲ್ಲಿ ಹೋಗುವಂತೆ ಹಗ್ಗ ಕಟ್ಟಿ, ಎರಡು ಕಡೆಯಿಂದ ಬಂದರೆ ತಲೆಯ ಹತ್ತಿರ ನೂಕುನುಗ್ಗಲು. ತಂಡದವರು ಮೊದಲು, ಆಮೇಲೆ ಆ ತರಗತಿಯವರು. ರಾತ್ರಿಯಿಂದ ಏನೂ ತಿನ್ನದೆ ಬಿಸಿಲಲ್ಲಿ ನಿಂತ ಮಕ್ಕಳು ತಲೆ ತಿರುಗಿ ಬೀಳುತ್ತಾರೆ, ಎನ್‌ಎಸ್‌ಎಸ್‌ನವರು ನೀರು, ಗ್ಲೂಕೋಸು, ಒಂದು ಬೆಂಚು ಇಟ್ಟುಕೊಂಡಿರಲಿ. ಮೊಬೈಲು ಎತ್ತಿ ವೀಡಿಯೊ ಮಾಡುವುದನ್ನು ತಡೆಯಲು ಹಿರಿಯ ಹುಡುಗರೇ ನಿಂತರೆ ಜಗಳವಾಗುವುದಿಲ್ಲ. ಜೆರ್ಸಿ ಹೊದಿಸುವುದು, ಹೂಮಾಲೆ, ರೀತ್ ಎಲ್ಲ ಮನೆಯವರನ್ನು ಕೇಳಿಯೇ. ದೇಹಕ್ಕೆ ಸುತ್ತಿದ ಕಫನಿನ ಮೇಲೆ ಜೆರ್ಸಿ ಬೇಡವೆಂದು ಉಸ್ತಾದರು ಹೇಳಿದರೆ ಅದನ್ನು ಮಡಚಿ ತಂದೆಯ ಕೈಗೆ ಕೊಡಿ.

ಹಿಂದೂಗಳ ಮನೆಯಲ್ಲಿ ಹಿತ್ತಿಲಲ್ಲೇ ದಹನ ಮಾಡುವ ಕಡೆ ಕ್ಲಬ್ಬಿನವರಿಗೆ ಕೈತುಂಬ ಕೆಲಸ. ಮಾವಿನ ಮರ ಕಡಿದು ಸೀಳಿ ಮೂರು ನಾಲ್ಕು ಕ್ವಿಂಟಲ್ ಆಗಬೇಕು. ಹಸಿ ಕಟ್ಟಿಗೆಯಾದರೆ ನಡುನಡುವೆ ತೆಂಗಿನ ಗೆರಟೆ ಹಾಕದೆ ಬೆಂಕಿ ಹಿಡಿಯದು. ಮಳೆಯಿದ್ದರೆ ಮೇಲೆ ತಗಡಿನ ಮಾಡು ಬೇಕು, ಟಾರ್ಪಾಲು ಸುಟ್ಟುಹೋಗುತ್ತದೆ. ಐದು ಸೆಂಟ್ಸ್ ಜಾಗದ ಮನೆಯವರಿಗೆ ಸಾರ್ವಜನಿಕ ಶ್ಮಶಾನವೇ ಗತಿ, ಅಲ್ಲಿ ಮೊದಲೇ ಹೇಳಿ ಸಮಯ ಗೊತ್ತುಮಾಡಬೇಕು. ಒಂದೇ ತಂಡದ ಇಬ್ಬರು ಹೋಗಿದ್ದರೆ ಎರಡು ಕಡೆಯೂ ಒಂದೇ ಹೊತ್ತಿಗೆ ಆಗದಂತೆ ಮನೆಯವರ ಜೊತೆ ಮಾತಾಡಿ ನೋಡಿ. ಆಗದಿದ್ದರೆ ತಂಡವನ್ನು ಸಮ ಭಾಗ ಮಾಡಿ ಕಳಿಸಿ. ದೊಡ್ಡ ಮನೆಯ ಹುಡುಗನ ಕಡೆಗೆ ಬಸ್ಸು ತುಂಬಿ, ಕಾಲನಿಯ ಹುಡುಗನ ಅಂಗಳ ಖಾಲಿ ಉಳಿದರೆ ಆ ತಂದೆ ಅದನ್ನು ಕಡೆಯ ತನಕ ಮರೆಯುವುದಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಎಲ್ಲರೂ ಬರುತ್ತಾರೆ. ಮನೆ ಖಾಲಿಯಾಗುವುದು ಅದರ ಮರುದಿನ, ತಂಡದವರು ಹೋಗಬೇಕಾದ್ದು ಆಗ. ಇಬ್ಬಿಬ್ಬರಾಗಿ, ಮುಂಚೆ ತಿಳಿಸಿ, ಹತ್ತು ನಿಮಿಷ ಕೂತು ಬರುವಷ್ಟು. ತುಳುನಾಡಿನ ಈ ಭಾಗದಲ್ಲಿ ಮದುವೆಯಾಗದೆ ಹೋದ ಮಕ್ಕಳಿಗೆ ವರ್ಷಗಳ ಮೇಲೆ ಪ್ರೇತ ಮದುವೆ ಮಾಡುವ ಮನೆಗಳಿವೆ. ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವಾಗ ಹುಡುಗನ ಗೆಳೆಯರನ್ನು ಕರೆಯುವವರಿದ್ದಾರೆ. ಕರೆದರೆ ಹೋಗಬೇಕು. ನಂಬಿಕೆಯ ಚರ್ಚೆಗೆ ಅದು ಜಾಗವಲ್ಲ.

ಇನ್ನು ಕಾರು ಓಡಿಸುತ್ತಿದ್ದ ಹುಡುಗ. ಅವನೂ ತಂಡದವನೇ, ಬಹಳ ಸಲ ಬದುಕಿ ಉಳಿಯುವವನೂ ಅವನೇ. ಊರಿನ ಸಿಟ್ಟು ಹೋಗಿ ಬೀಳುವುದು ಅವನ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 106(1)ರ ಪ್ರಕಾರ ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದಕ್ಕೆ 5 ವರ್ಷದ ತನಕ ಶಿಕ್ಷೆಯಿದೆ. ಜಾಮೀನು ಸಿಗುವ ಅಪರಾಧ. ಜಾಮೀನಿಗೆ ನಿಲ್ಲಲು ಇಬ್ಬರು ಬೇಕಾದಾಗ ಮನೆಯವರೇ ಹಿಂಜರಿಯುವುದುಂಟು, ಆಗ ಕ್ಲಬ್ಬಿನ ಹಿರಿಯರು ನಿಲ್ಲಬೇಕು. ಅವನನ್ನು ಕೆಲವು ವಾರ ಒಂಟಿಯಾಗಿ ಬಿಡಲೇಬಾರದು. ರಾತ್ರಿ ಒಬ್ಬ ಗೆಳೆಯ ಅವನ ಮನೆಯಲ್ಲೇ ಮಲಗಲಿ. "ನಾನೇ ಹೋಗಬೇಕಿತ್ತು" ಎಂಬ ಮಾತು ಬಂದರೆ ಬುದ್ಧಿ ಹೇಳುತ್ತ ಕೂರದೆ ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಇಲ್ಲೊಂದು ದೊಡ್ಡ ಪಾಪ ನಡೆಯುತ್ತದೆ, ಅದನ್ನು ಬಿಡಿಸಿಯೇ ಹೇಳಬೇಕು. ಬದುಕಿದವನನ್ನು ಕೇಸಿನಿಂದ ಪಾರುಮಾಡಲು, ತೀರಿಹೋದವನೇ ಓಡಿಸುತ್ತಿದ್ದ ಎಂದು ಹೇಳಿಸುವ ಯೋಚನೆ ಯಾರಾದರೂ ತರುತ್ತಾರೆ. ಸತ್ತವನಿಗೆ ಇನ್ನೇನು ನಷ್ಟ ಎಂಬ ಲೆಕ್ಕ. ನಷ್ಟ ಇದೆ. ತನ್ನ ತಪ್ಪಿನಿಂದಲೇ ಸತ್ತ ಚಾಲಕನ ಮನೆಯವರಿಗೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಸಿಗುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗ ಎಂದಾಗಿದ್ದರೆ ಬರಬೇಕಿದ್ದ ಹಣ ಆ ಬಡ ತಾಯಿಗೆ ಪೂರ್ತಿ ಹೋಯಿತು, ಮೇಲಿಂದ ಉಳಿದವರನ್ನು ಕೊಂದವನೆಂಬ ಹೆಸರು ಮಗನ ತಲೆಗೆ. ಯಾರು ಓಡಿಸುತ್ತಿದ್ದರೋ ಅವರದೇ ಹೆಸರು ಹೇಳಬೇಕು. ಆ ಹುಡುಗನ ಕೈ ಬಿಡದಿರುವುದು ಬೇರೆ, ಸುಳ್ಳು ಬರೆಸುವುದು ಬೇರೆ.

ಐಸಿಯುವಿನಲ್ಲಿರುವ ಗಾಯಾಳುವಿಗೆ ಗೆಳೆಯರು ಹೋದ ಸುದ್ದಿಯನ್ನು ವೈದ್ಯರನ್ನು ಕೇಳದೆ ಹೇಳಬಾರದು. ವೆಂಟಿಲೇಟರ್ ತೆಗೆದ ಮೇಲೆ ಅವನೇ ಕೇಳುತ್ತಾನೆ. ಕೇಳಿದ ದಿನ ಮುಚ್ಚಿಡಬಾರದು. ಮೊಬೈಲು ಕೈಗೆ ಸಿಗುವ ಮೊದಲು ಅವನ ತಾಯಿಯೋ ನಾಯಕನೋ ಹೇಳಬೇಕು. ಆಸ್ಪತ್ರೆಯ ಖರ್ಚಿಗೆ, 2025ರ ಮೇ 5ರಂದು ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಮೊದಲ 7 ದಿನಕ್ಕೆ ಒಂದೂವರೆ ಲಕ್ಷದ ತನಕ ಸಿಗುತ್ತದೆ. ಯೋಜನೆಯಲ್ಲಿ ಸೇರಿದ ಆಸ್ಪತ್ರೆಯೇ ಎಂದು ದಾಖಲಿಸುವಾಗಲೇ ವಿಚಾರಿಸಿ.

ಆಟ ಮತ್ತೆ ಶುರುವಾಗುವುದು ಯಾವಾಗ? ಬೇಗ ಶುರು ಮಾಡಬೇಕೆಂಬವರೂ, ಈ ವರ್ಷ ಬೇಡವೆಂಬವರೂ ತಂಡದಲ್ಲೇ ಇರುತ್ತಾರೆ. ನಾವು ಕಂಡಂತೆ ಅಂಗಳಕ್ಕೆ ಬರುವುದನ್ನು ನಿಲ್ಲಿಸಬಾರದು, ಆಡುವುದನ್ನು ನಿಲ್ಲಿಸಬಹುದು. ಸಂಜೆ ಅದೇ ಹೊತ್ತಿಗೆ ಬಂದು ಅಂಗಳಕ್ಕೆ ನೀರು ಹಾಕಿ, ಗೆರೆ ಎಳೆದು, ಎರಡು ಸುತ್ತು ಓಡಿ ಹೋದರೂ ಆಯಿತು. ಎಲ್ಲರನ್ನೂ ಸುತ್ತ ಕೂರಿಸಿ "ನಿನಗೇನು ಅನಿಸುತ್ತದೆ ಹೇಳು" ಎಂದು ಮರುದಿನವೇ ಬಾಯಿ ಬಿಡಿಸುವುದು ಬೇಡ. ಮಾತಾಡುವ ಹುಡುಗ ಕಾಲಿಗೆ ಪಟ್ಟಿ ಸುತ್ತುತ್ತಲೇ ಮಾತಾಡುತ್ತಾನೆ.

ಕಬಡ್ಡಿಯಲ್ಲಿ ಕಷ್ಟ ಬರುವುದು ಚೈನಿನಲ್ಲಿ. ರೈಡರ್ ಒಳಗೆ ಬಂದಾಗ ಸಾಲಿನ ತುದಿಯ ಕಾರ್ನರಿನವನೂ ಪಕ್ಕದವನೂ ಕೈ ಹಿಡಿದುಕೊಂಡು ಒಟ್ಟಿಗೆ ಹಿಂದೆ ಸರಿಯುತ್ತಾರೆ, ಒಟ್ಟಿಗೆ ಮುಂದೆ ಬರುತ್ತಾರೆ. ವರ್ಷಗಟ್ಟಲೆ ಒಬ್ಬನದೇ ಕೈ ಹಿಡಿದವನಿಗೆ ಆ ಕೈ ಎಷ್ಟು ಎತ್ತರದಲ್ಲಿರುತ್ತದೆ, ಬೆರಳು ಎಷ್ಟು ಬಿಗಿಯುತ್ತವೆ ಎಂಬುದು ಮೈಗೆ ಗೊತ್ತಿರುತ್ತದೆ. ಮೊದಲ ದಿನ ಏಳು ಜನರನ್ನು ನಿಲ್ಲಿಸಿ ರೈಡ್ ಮಾಡಿಸಿದರೆ ಲೆಫ್ಟ್ ಕಾರ್ನರಿನವನ ಬಲಗೈ ತಾನಾಗಿ ಚಾಚುತ್ತದೆ. ಅಲ್ಲಿ ಬೇರೆ ಕೈ ಸಿಕ್ಕಾಗ ಅವನು ಅಲ್ಲೇ ಕುಸಿದು ಕೂರುತ್ತಾನೆ, ಅಥವಾ ರೈಡರಿನ ಮೇಲೆ ಸಿಟ್ಟಿನಿಂದ ಬೀಳುತ್ತಾನೆ. ಎರಡರಲ್ಲೂ ಪೆಟ್ಟಾಗುತ್ತದೆ. ಅದಕ್ಕೆ ಆರಂಭದ ದಿನಗಳಲ್ಲಿ ಚೈನ್ ಬೇಡ. ಟೋ ಟಚ್, ಹ್ಯಾಂಡ್ ಟಚ್, ಬೋನಸ್ ಗೆರೆಯ ಅಭ್ಯಾಸ, ರೈಡರಿನ ಪಾದದ ಗಂಟನ್ನು ಒಬ್ಬನೇ ಹಿಡಿಯುವ ಆಂಕಲ್ ಹೋಲ್ಡ್ ಇಷ್ಟೇ ಇರಲಿ. ಆಮೇಲೆ ಕಾರ್ನರಿನವನ ಜಾಗವನ್ನೇ ಬದಲಿಸಿ, ಬಲಕ್ಕೆ ಹಾಕಿ, ಬೇರೆ ಕೈಯಿಂದ ಬೇರೆಯವನನ್ನು ಹಿಡಿಯುವ ಅಭ್ಯಾಸವಾಗಲಿ. ಹಳೆಯ ಜಾಗಕ್ಕೆ ಮರಳುವುದು ಅವನು ಕೇಳಿದಾಗ. ಬದಲಿಗೆ ಬರುವ ಜೂನಿಯರನ್ನೂ ಕರೆದು ಹೇಳಬೇಕು: ಅಣ್ಣನ ಜಾಗ ತುಂಬಿಸು ಎಂದು ಯಾರೂ ಅವನಿಗೆ ಭಾರ ಹೊರಿಸಬಾರದು, ಅವನು ಅವನ ಆಟ ಆಡಲಿ. 12 ಜನರ ಪಟ್ಟಿಯಲ್ಲಿ ಇಬ್ಬರಿಲ್ಲದೆ ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೋಗುವುದಾದರೆ ಹೆಸರು ಬದಲಾವಣೆಯ ಪತ್ರ ಮೊದಲೇ ಕೊಡಿ, ಇಲ್ಲದಿದ್ದರೆ ಅಂಗಳದಲ್ಲಿ ಮೈಕಿನವರು ಹಳೆಯ ಪಟ್ಟಿಯನ್ನೇ ಓದಿಬಿಡುತ್ತಾರೆ.

ಕಾಗದದ ಕೆಲಸ ತಿಂಗಳೊಳಗೆ ಶುರುವಾಗಬೇಕು. ಹುಡುಗನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಇದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕು, ಹೆಚ್ಚಿನವರಿಗೆ ಗೊತ್ತಾಗುವುದು ಅದು ದಾಟಿದ ಮೇಲೆ. ಕಾಲೇಜು ಫೀಸಿನ ಜೊತೆ ವಿದ್ಯಾರ್ಥಿ ವಿಮೆ ಕಟ್ಟಿಸಿಕೊಂಡಿದ್ದರೆ ಅದೂ ಇದೆ.

ದೊಡ್ಡದು ನ್ಯಾಯಮಂಡಳಿಯ ಅರ್ಜಿ. ಅಪಘಾತದ 6 ತಿಂಗಳೊಳಗೆ ಎಂದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಹೇಳುತ್ತದೆ. ಆ ಗಡುವನ್ನು ಪ್ರಶ್ನಿಸಿದ ಮೊಕದ್ದಮೆಗಳಿವೆ, ಅವನ್ನು ನಂಬಿ ಕೂರಬೇಡಿ. ಅಪಘಾತ ಉಡುಪಿಯ ಹತ್ತಿರ ಆಗಿದ್ದರೂ, ಕಣ್ಣೂರಿನಲ್ಲಿ ಆಗಿದ್ದರೂ ತಂದೆತಾಯಿ ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ವಿದ್ಯಾರ್ಥಿಗೆ ಸಂಬಳವಿಲ್ಲ, ಆದ್ದರಿಂದ ಮಂಡಳಿ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಲೆಕ್ಕ ಹೀಗೆ: ತಿಂಗಳಿಗೆ 15,000 ಎಂದು ಹಿಡಿದರೆ ಮುಂದಿನ ಏಳಿಗೆಗೆ 40 ಶೇಕಡ ಸೇರಿ 21,000. ಮದುವೆಯಾಗದವನ ಸ್ವಂತ ಖರ್ಚೆಂದು ಅರ್ಧ ಕಳೆದರೆ 10,500. ವರ್ಷಕ್ಕೆ 1,26,000. 15ರಿಂದ 25ರ ವಯಸ್ಸಿಗೆ ಗುಣಕ 18, ಒಟ್ಟು 22,68,000. ಗುಣಕಕ್ಕೆ ಹುಡುಗನ ವಯಸ್ಸನ್ನೇ ತೆಗೆದುಕೊಳ್ಳಬೇಕು, ತಂದೆಯದಲ್ಲ. ವಿಮೆಯವರು ತಂದೆಯ ವಯಸ್ಸು ಮುಂದಿಟ್ಟರೆ ವಕೀಲರು ಬಿಡಬಾರದು. ಆ ಅಂದಾಜು ಆದಾಯ ಏರುವುದು ಕ್ರೀಡಾ ಸರ್ಟಿಫಿಕೇಟುಗಳಿಂದ. ವಿಶ್ವವಿದ್ಯಾಲಯ ತಂಡ, ರಾಜ್ಯ ತಂಡ, ಕ್ರೀಡಾ ಕೋಟಾದಲ್ಲಿ ನೌಕರಿಯ ಸಾಧ್ಯತೆ ಎಲ್ಲಕ್ಕೂ ಮೂಲ ಪ್ರತಿ ಬೇಕು. ಅವು ಸಾಮಾನ್ಯವಾಗಿ ಮನೆಯಲ್ಲಿರುವುದಿಲ್ಲ, ದೈಹಿಕ ಶಿಕ್ಷಣ ವಿಭಾಗದ ಕಪಾಟಿನಲ್ಲಿರುತ್ತವೆ. ನಾವೇ ಹುಡುಕಿ ತಲುಪಿಸಬೇಕು.

ಕಾರಿನ ಪಾಲಿಸಿ ಮೊದಲು ನೋಡಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಖಾಸಗಿ ಕಾರಿನ ಒಳಗೆ ಕೂತವರಿಗೆ ಅದು ಅನ್ವಯಿಸುವುದಿಲ್ಲ. ಪ್ಯಾಕೇಜ್ ಪಾಲಿಸಿ ಬೇಕು. ಬಿಳಿ ನಂಬರ್ ಪ್ಲೇಟಿನ ಕಾರನ್ನು ಬಾಡಿಗೆಗೆ ತಂದದ್ದು ಎಂದಾದರೆ ಕಂಪನಿಯವರು ತಕರಾರು ತೆಗೆಯುತ್ತಾರೆ. ಎದುರಿನ ವಾಹನದ್ದೂ ತಪ್ಪಿದ್ದರೆ ಒಳಗಿದ್ದ ಹುಡುಗನ ಮನೆಯವರು ಎರಡರಲ್ಲಿ ಯಾರ ಮೇಲಾದರೂ ಪೂರ್ತಿ ಪರಿಹಾರ ಕೇಳಬಹುದು.

ಕಾರಿನಲ್ಲಿ ಸಿಕ್ಕಿದ ಬ್ಯಾಗು, ಶೂ, ಮೊಬೈಲು ಠಾಣೆಯಲ್ಲಿರುತ್ತದೆ. ಮನೆಯವರ ಅರ್ಜಿಯ ಮೇಲೆ ಬಿಡಿಸಿ ತರಬೇಕು. ಬಟ್ಟೆ ಒಗೆದು ಕೊಡಬೇಡಿ. ಮಗನ ಬೆವರಿನ ವಾಸನೆಯ ಜೆರ್ಸಿಯನ್ನು ಹಾಗೆಯೇ ಕೊಡಿ ಎಂದು ಕೇಳುವ ತಾಯಂದಿರಿದ್ದಾರೆ. ರಕ್ತವಾಗಿದ್ದರೆ ಮಾತ್ರ ಮೊದಲು ಹೇಳಿ, ಬೇರೆ ಚೀಲದಲ್ಲಿ ಕೊಡಿ. ಮೊಬೈಲನ್ನು ರೀಸೆಟ್ ಮಾಡಿಸಲೇಬಾರದು. ಅದರೊಳಗಿನ ವಾಯ್ಸ್ ಮೆಸೇಜುಗಳೇ ಮನೆಗೆ ಉಳಿದ ದನಿ. ಸಿಮ್‌ಗೆ ರೀಚಾರ್ಜ್ ತಪ್ಪಿದರೆ ನಂಬರು ಬೇರೆಯವರಿಗೆ ಹೋಗುತ್ತದೆ, ಅದಕ್ಕೆ ಮೊದಲು ಫೋಟೊ, ಚಾಟ್ ಎಲ್ಲ ಇನ್ನೊಂದು ಕಡೆ ಇಳಿಸಿಡಿ.

ವರ್ಷ ತುಂಬುವ ಹೊತ್ತಿಗೆ ಸ್ಮಾರಕ ಪಂದ್ಯಾಟ ಇಡುವ ಮಾತು ಬರುತ್ತದೆ. ನಾವು ಜಗಳವಾಡಿಯಾದರೂ ನಿಲ್ಲುವ ವಿಷಯ ಇದು: ಹೊನಲು ಬೆಳಕು ಬೇಡ. ರಾತ್ರಿ ಆಡಿ, ಜಾವದಲ್ಲಿ ಸೋತು ಸುಣ್ಣವಾದ ಹುಡುಗನೇ ಸ್ಟೇರಿಂಗ್ ಹಿಡಿದದ್ದರಿಂದ ಹೋದವರ ಹೆಸರಿನಲ್ಲಿ ಮತ್ತೆ ಮೂವತ್ತು ತಂಡಗಳನ್ನು ಬೆಳಗಿನ ನಾಲ್ಕು ಗಂಟೆಗೆ ಹೆದ್ದಾರಿಗೆ ಬಿಡುವುದು ಹೇಗೆ? 2024ರ ಡಿಸೆಂಬರ್ 2ರಂದು ಆಲಪ್ಪುಳದ ಕಳರ್‌ಕೋಡಿನಲ್ಲಿ ಮಳೆಯಲ್ಲಿ ಸಾರಿಗೆ ಬಸ್ಸಿಗೆ ಬಡಿದ ಕಾರಿನಲ್ಲಿ ಇದ್ದದ್ದು 11 ವೈದ್ಯಕೀಯ ವಿದ್ಯಾರ್ಥಿಗಳು, ತೀರಿಹೋದವರು 6. 2019ರ ಅಕ್ಟೋಬರ್ 14ರಂದು ಮಧ್ಯಪ್ರದೇಶದ ಹೋಶಂಗಾಬಾದಿನ ಹತ್ತಿರ ಕಾರು ಅಪಘಾತದಲ್ಲಿ ಹೋದ 4 ಹಾಕಿ ಆಟಗಾರರು ಪಂದ್ಯ ಆಡಲು ಬಂದವರೇ. ರಾಷ್ಟ್ರೀಯ ಟೇಬಲ್ ಟೆನಿಸ್‌ಗೆಂದು ಗುವಾಹಟಿಯಿಂದ ಶಿಲ್ಲಾಂಗಿಗೆ ಹೊರಟಿದ್ದ ತಮಿಳುನಾಡಿನ 18ರ ವಿಶ್ವ ದೀನದಯಾಳನ್ 2022ರ ಏಪ್ರಿಲ್ 17ರಂದು ಹೋದದ್ದೂ ಪಂದ್ಯದ ದಾರಿಯಲ್ಲೇ, ಟ್ಯಾಕ್ಸಿಯಲ್ಲಿ.

ಹಗಲು ಪಂದ್ಯಾಟಕ್ಕೆ ತಂಡ 16ಕ್ಕೆ ಮಿತಿ ಹಾಕಿದರೆ ಎರಡು ಅಂಕಣದಲ್ಲಿ ಬೆಳಿಗ್ಗೆ 8ಕ್ಕೆ ಶುರುಮಾಡಿ ಸಂಜೆ 5ಕ್ಕೆ ಮುಗಿಸಬಹುದು. ಬಿಸಿಲಿಗೆ ಶಾಮಿಯಾನ, ಮಧ್ಯಾಹ್ನ ಒಂದು ಗಂಟೆ ವಿರಾಮ. ಪ್ರವೇಶ ಪತ್ರದಲ್ಲೇ ಎರಡು ಸಾಲು ಸೇರಿಸಿ: ತಂಡದ ವಾಹನದ ನಂಬರು ಮತ್ತು ವಿಮೆಯ ಪ್ರತಿ, ಆಡದ ಚಾಲಕನ ಹೆಸರು. ಸೀಟಿಗಿಂತ ಒಬ್ಬ ಹೆಚ್ಚಿದ್ದರೂ ಆ ತಂಡಕ್ಕೆ ವಾಪಸು ಹೋಗಲು ಇನ್ನೊಂದು ಜೀಪಿನ ಬಾಡಿಗೆಯನ್ನು ಸಂಘಟಕರೇ ಕೊಡಲಿ, ಬಹುಮಾನದ ಹಣದಿಂದ ಕಡಿಮೆಯಾದರೂ ಚಿಂತೆಯಿಲ್ಲ. ಮಳೆಯಿಂದಲೋ ತಕರಾರಿನಿಂದಲೋ ಪಂದ್ಯ ರಾತ್ರಿಗೆ ಎಳೆದರೆ ಹತ್ತು ಗಂಟೆಗೆ ನಿಲ್ಲಿಸಿ, ಫೈನಲ್ ಮರುದಿನ. ದೂರದ ತಂಡಗಳಿಗೆ ಶಾಲೆಯ ಎರಡು ಕೋಣೆ, ಚಾಪೆ, ಸೊಳ್ಳೆಬತ್ತಿ, ಬೆಳಿಗ್ಗೆ ಅವಲಕ್ಕಿ ಮತ್ತು ಚಹಾ. ಮೂವತ್ತು ಹುಡುಗರಿಗೆ ಮೂರು ಕಿಲೋ ಅವಲಕ್ಕಿ ಸಾಕಾಗುತ್ತದೆ.